ಅತ್ತೆಯ ಕೈಗಳು ಮಾರಾಟಕ್ಕಿವೆ

ನಮ್ಮ ಅತ್ತೆಯ ಕೈಗಳನ್ನು ಮಾರಿ ನಾನು ಈ ಮನೆಯ ಬಾಡಿಗೆಗೆ ಹೆಗಲು ಕೊಡುತ್ತೇನೆ. ಹೀಗೆ ಹೇಳಿದರೆ ಕೇಳಿದವರು ಬೆಚ್ಚಿಬೀಳುತ್ತಾರೆ. ಬೀಳಲಿ ಎಂದು ನಾನೂ ಒಂದು ಗಳಿಗೆ ಅವರ ಮುಖದ ಅಂದ ನೋಡಿ, ಆಮೇಲೆ ಬಿಡಿಸಿ ಹೇಳುತ್ತೇನೆ. ನಾನು ಮೊದಲು ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುತ್ತಿದ್ದೆ. ಗದ್ದ ಸ್ವಲ್ಪ ಮೇಲೆ, ಭುಜ ನೇರ, ಉಸಿರು ಹಿಡೀರಿ, ಆಯ್ತು. ಜನರ ಜೇಬಿಗೇ ಕ್ಯಾಮೆರಾ ಬಂದ ಮೇಲೆ ಅಂಗಡಿಗೆ ಯಾರು ಬರುತ್ತಾರೆ? ಬಾಗಿಲು ಹಾಕುವ ದಿನ ಯಜಮಾನರು ತಮ್ಮ ಹಳೆಯ ಕ್ಯಾಮೆರಾವನ್ನು ನನ್ನ ಕೈಗಿಟ್ಟು, ನಿನಗಿಂತ ಚೆನ್ನಾಗಿ ಇದನ್ನು ಯಾರೂ ಹಿಡಿದಿಲ್ಲ, ತಗೊಂಡು ಹೋಗು ಎಂದರು. ಎಲ್ಲೇ ಇರಲಿ, ಅವರ ಹೊಟ್ಟೆ ತಣ್ಣಗಿರಲಿ.

ಚಿತ್ರ ಮಾರುವ ಏಜೆನ್ಸಿಗಳು ಇಂಟರ್‌ನೆಟ್‌ನಲ್ಲಿ ಇವೆ ಎಂದು ಗೊತ್ತಾದದ್ದು ಆಮೇಲೆ. ನಾವು ತೆಗೆದ ಫೋಟೋ ಅಲ್ಲಿಗೆ ಹಾಕಬೇಕು. ಜಾಹೀರಾತು ಮಾಡುವವರೋ, ಪತ್ರಿಕೆಯವರೋ, ಎಲ್ಲೋ ಯಾರಿಗೋ ಒಂದು ಬೀಗದ ಕೈ, ಒಂದು ಒಡೆದ ಕಾಫಿ ಕಪ್ಪು, ಒಂದು ಖಾಲಿ ಕುರ್ಚಿ ಬೇಕಾಗುತ್ತದೆ, ಹುಡುಕಿ ಕೊಳ್ಳುತ್ತಾರೆ. ಒಮ್ಮೆ ಕೊಂಡರೆ ಚಿಲ್ಲರೆ ಕಾಸು. ಆದರೆ ಅದೇ ಚಿತ್ರವನ್ನು ನೂರು ಜನ ಕೊಳ್ಳಬಹುದು, ಚಿತ್ರ ಸವೆಯುವುದಿಲ್ಲ. ಕೇಳುವುದಕ್ಕೇನೋ ಹಾಲು ಕುಡಿದಷ್ಟು ಹಿತವಾಗಿತ್ತು. ನಾನು ಮನೆಯ ಚಮಚಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಹಾಕಿದೆ. ಒಂದು ನರಪಿಳ್ಳೆಯೂ ಕೊಳ್ಳಲಿಲ್ಲ. ಜಗತ್ತಿನಲ್ಲಿ ಎಲ್ಲರ ಮನೆಯಲ್ಲೂ ಚಮಚ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲು ತಿಂಗಳುಗಳೇ ಬೇಕಾದವು.

ನಮ್ಮ ಮನೆಯಲ್ಲಿ ನಾವು ಮೂವರು. ನಾನು, ಸಿಟಿ ಬಸ್ಸು ಓಡಿಸುವ ನಮ್ಮವರು, ಅವರ ತಾಯಿ. ಅಡುಗೆಮನೆಯ ಕಿಟಕಿಯ ಬಳಿ ಬೆಳಕು ಚೆನ್ನಾಗಿ ಬರುತ್ತದೆ, ನಾನು ಮೇಜು ಹಾಕಿಕೊಂಡದ್ದು ಅಲ್ಲೇ. ಅತ್ತೆಗೂ ಬಟ್ಟೆ ಹೊಲಿಯಲು ಅದೇ ಜಾಗ ಬೇಕು. ಜಾಗಕ್ಕಾಗಿ ನಮ್ಮಿಬ್ಬರಿಗೆ ದಿನಾ ಜಟಾಪಟಿ. ಒಂದು ಮಧ್ಯಾಹ್ನ ಅವರು ಮೇಜಿನ ತುದಿ ಬಿಟ್ಟುಕೊಡದೆ ಮಗನ ಅಂಗಿಗೆ ಗುಂಡಿ ಹೊಲಿಯುತ್ತ ಕೂತರು. ನನಗೆ ರೇಗಿ, ಕೂತಿರಿ ಹಾಗೇ ಎಂದು ಅವರ ಕೈಗಳನ್ನೇ ತೆಗೆದುಬಿಟ್ಟೆ. ಉಬ್ಬಿದ ನರ, ಸವೆದ ಉಗುರು, ಸೂಜಿ, ಬಿಳಿ ದಾರ. ಆ ಚಿತ್ರ ಒಂದೇ ವಾರದಲ್ಲಿ ಮಾರಾಟವಾಯಿತು. ಮತ್ತೆ ಆಯಿತು. ಮತ್ತೆ ಮತ್ತೆ ಆಯಿತು.

ಸುದ್ದಿ ಹೇಳಿದಾಗ ಅತ್ತೆ ಮೊದಲು ಕೇಳಿದ್ದು, ಮುಖ ಬೇಡವಂತಾ ಎಂದು. ಬೇಡ, ಕೈ ಸಾಕಂತೆ ಎಂದೆ. ಸದ್ಯ ಬದುಕಿದೆ ಎಂದರು. ಆದರೆ ಅಂದಿನಿಂದ ಅವರ ನಡೆ ಬೇರೆಯಾಯಿತು. ಕೈಗೆ ಎಣ್ಣೆ ತಿಕ್ಕುವುದೇನು, ಬಿಸಿಲಿಗೆ ಹಿಡಿದು ತಿರುಗಿಸಿ ನೋಡುವುದೇನು. ಪಾತ್ರೆ ತೊಳೆಯಿರಿ ಎಂದರೆ, ನನ್ನ ಕೈ ಬಾಡಿಗೆಗೆ ಹೋಗಿದೆ, ನಿನ್ನ ಗಂಡನಿಗೆ ಹೇಳು ಎನ್ನುತ್ತಿದ್ದರು. ನಮ್ಮವರು ಬಸ್ಸು ಇಳಿದು ಬಂದು ಪಾತ್ರೆ ತಿಕ್ಕುವಾಗ ನಾವಿಬ್ಬರೂ ಕಿಸಕಿಸ ನಗುತ್ತಿದ್ದೆವು. ಅತ್ತೆಯ ಕೈ ಕಾಫಿ ಲೋಟ ಹಿಡಿಯಿತು, ಊರುಗೋಲು ಹಿಡಿಯಿತು, ಮೊಬೈಲು ಹಿಡಿಯಿತು, ಇನ್ನೊಂದು ಕೈಯನ್ನು ಹಿಡಿಯಿತು. ಬಂದ ದುಡ್ಡಿನಲ್ಲಿ ಅವರ ಪಾಲನ್ನು ತಿಂಗಳು ತಿಂಗಳು ಅವರ ಕೈಗೇ ಕೊಡುತ್ತಿದ್ದೆ. ಅವರು ಅದನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಏನೂ ಹೇಳದೆ ಎದ್ದುಹೋಗುತ್ತಿದ್ದರು.

ಈಗ ನನ್ನ ಶತ್ರುವಿನ ವಿಷಯ ಹೇಳಬೇಕು. ಏಜೆನ್ಸಿಗೆ ಕಳಿಸಿದ ಪ್ರತಿ ಚಿತ್ರವನ್ನೂ ಅಲ್ಲಿ ಕೂತ ಒಬ್ಬ ಪರೀಕ್ಷಕರು ನೋಡುತ್ತಾರೆ. ಗಂಡಸೋ ಹೆಂಗಸೋ ತಿಳಿಯದು, ಹೆಸರಿಲ್ಲ, ಮುಖವಿಲ್ಲ. ಚಿತ್ರದಲ್ಲಿ ಯಾವ ಕಂಪನಿಯ ಹೆಸರೂ ಗುರುತೂ ಕಾಣಕೂಡದು ಎಂಬುದು ನಿಯಮ. ಸಾಬೂನಿನ ಮೇಲೆ ಒಂದು ಅಕ್ಷರ ಕಂಡರೂ ವಾಪಸು. ಚಮಚದ ಹಿಂಬದಿಯ ಅಚ್ಚು ಪಕ್ಕದ ಕಾಫಿ ಕಪ್ಪಿನ ಹೊಳಪಿನಲ್ಲಿ ಕಂಡಿತೆಂದು ಒಮ್ಮೆ ವಾಪಸು ಬಂದಿತ್ತು. ಅವರಿಗೆ ನಾನು ಹದ್ದುಗಣ್ಣು ಎಂದು ಹೆಸರಿಟ್ಟೆ. ವಾಪಸು ಬಂದಾಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು, ಇದ್ದಬದ್ದ ಬೈಗುಳವನ್ನೆಲ್ಲ ಬೈದು, ಆಮೇಲೆ ಚಿತ್ರ ತಿದ್ದಿ ಕಳಿಸುತ್ತಿದ್ದೆ. ಯಾರನ್ನು ಬೈತಿದೀಯೆ ಎಂದು ನಮ್ಮವರು ಒಳಗಿನಿಂದ ಕೇಳಿದರೆ, ನಿನ್ನನ್ನಲ್ಲ ಬಿಡೋ ಎಂದು ಅತ್ತೆಯೇ ಉತ್ತರ ಕೊಡುತ್ತಿದ್ದರು.

ಈ ಕಾಟ ತಪ್ಪಿಸಲು ಅತ್ತೆ ಒಂದು ಉಪಾಯ ಕಂಡುಕೊಂಡರು. ಮನೆಗೆ ಬಂದ ಡಬ್ಬಿ, ಸೀಸೆ, ಪೊಟ್ಟಣ ಯಾವುದೇ ಇರಲಿ, ಬಂದ ಕೂಡಲೇ ಬಿಸಿನೀರಿನಲ್ಲಿ ನೆನೆಹಾಕಿ ಚೀಟಿ ಸುಲಿದುಬಿಡುವುದು. ಅಂಟು ಉಳಿದರೆ ಎಣ್ಣೆ ಸವರಿ ಬಟ್ಟೆಯಿಂದ ಉಜ್ಜುವುದು. ಎಂಥ ಕೈಚಳಕ ಅಂತೀರಿ, ಒಂದು ಚೂರು ಕಾಗದ ಉಳಿಯುತ್ತಿರಲಿಲ್ಲ. ಮೊದಮೊದಲು ಫೋಟೋಗೆ ಬೇಕಾದುದನ್ನಷ್ಟೇ ಸುಲಿಯುತ್ತಿದ್ದರು, ಆಮೇಲೆ ಚೀಟಿ ಕಂಡರೆ ಅವರ ಬೆರಳು ಸುಮ್ಮನಿರಲಾರದಾಯಿತು. ನಮ್ಮ ಮನೆಯ ಕಪಾಟಿನಲ್ಲಿ ಯಾವುದಕ್ಕೂ ಹೆಸರಿಲ್ಲ. ನಮ್ಮವರು ಒಂದು ದಿನ ಗಡ್ಡದ ಕ್ರೀಮಿನಲ್ಲಿ ಹಲ್ಲುಜ್ಜಿ ಬಾಯಿತುಂಬ ನೊರೆ ಮಾಡಿಕೊಂಡು ಹೊರಗೆ ಬಂದರು. ಆ ನೊರೆಯ ಫೋಟೋ ತೆಗೆಯಲು ನಾನು ಓಡಿದೆನೇ ಹೊರತು ಅದರಲ್ಲಿ ಅಪಾಯ ಇದೆ ಎಂದು ನಮಗಾರಿಗೂ ಅನ್ನಿಸಲಿಲ್ಲ.

ಆರೋಗ್ಯದ ಚಿತ್ರಗಳಿಗೆ ಬೇಡಿಕೆ ಹೆಚ್ಚು. ಅತ್ತೆಯ ಅಂಗೈಯಲ್ಲಿ ಮಾತ್ರೆಗಳಿದ್ದರೆ ಚೆನ್ನ ಎಂದು ನನಗೆ ಹೊಳೆಯಿತು. ಎದುರುಮನೆಯ ಟೀಚರಮ್ಮನ ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಮಾತ್ರೆಗಳನ್ನು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಟೀಚರಮ್ಮ ಒದ್ದಾಡುತ್ತಿದ್ದರು. ನನ್ನ ಕೆಲಸ ಕೇಳಿ, ಅವರ ವಸ್ತು ಒಂದಕ್ಕೆ ಉಪಯೋಗ ಆಗುತ್ತಲ್ಲ ಎಂದು ಕಣ್ಣೊರೆಸಿಕೊಂಡು ಇಡೀ ಚೀಲ ಕೊಟ್ಟರು. ಮಾತ್ರೆಯ ಹಾಳೆಗಳ ಮೇಲೆ ತುಂಬ ಅಚ್ಚು, ಮೇಲಾಗಿ ಮಿಂಚು. ಅತ್ತೆ ಕೂತು ಒಂದೊಂದಾಗಿ ಒತ್ತಿ ಹೊರತೆಗೆದು, ಹಾಳೆಗಳನ್ನೆಲ್ಲ ಕಸಕ್ಕೆ ಹಾಕಿ, ಮಾತ್ರೆಗಳನ್ನು ಬಣ್ಣದ ಪ್ರಕಾರ ಗಾಜಿನ ಸೀಸೆಗಳಿಗೆ ತುಂಬಿದರು. ಹಳದಿ ಒಂದಕ್ಕೆ, ಗುಲಾಬಿ ಒಂದಕ್ಕೆ, ಒಂದೇ ಆಕಾರದ ಬಿಳಿ ಒಂದಕ್ಕೆ. ಬೇರೆ ಯಾರೇ ಆದರೂ ಮಾತ್ರೆಯನ್ನು ಕಾಯಿಲೆಯ ಪ್ರಕಾರ ಬೇರ್ಪಡಿಸುತ್ತಾರೆ. ನಮಗೆ ಬಣ್ಣ ಮುಖ್ಯ. ನಾನು ಆ ಸೀಸೆಗಳನ್ನು ಬೆಳಕಿಗೆ ಹಿಡಿದು, ಭೇಷ್ ಅತ್ತೆ ಎಂದೆ.

ಚಿತ್ರಗಳು ಚೆನ್ನಾಗಿ ಬಂದವು. ಎರಡು ಮೂರು ಮಾತ್ರೆಗಳ ಮೇಲೆ ಕಂಡೂ ಕಾಣದಂತೆ ಗೀರಿತ್ತು, ಅವನ್ನು ತಿದ್ದಿ ಅಳಿಸಿ ಕಳಿಸಿದೆ. ನನ್ನ ಕಂಪ್ಯೂಟರು ಹಳೆಯದು, ಹೊಟ್ಟೆ ಚಿಕ್ಕದು. ತಿದ್ದಿದ ಮೇಲೆ ಮೂಲಚಿತ್ರ ಇಟ್ಟುಕೊಳ್ಳುವ ಪದ್ಧತಿ ನನ್ನದಲ್ಲ. ಎಲ್ಲ ಸ್ವೀಕಾರವಾದವು, ಒಂದು ಮಾತ್ರ ವಾಪಸು ಬಂತು. ಅತ್ತೆಯ ಅಂಗೈಯಲ್ಲಿ ಹರಡಿದ ಬಿಳಿ ಮಾತ್ರೆಗಳ ಚಿತ್ರ. ಬಲಗಡೆಯ ಮಾತ್ರೆಯೊಂದರ ಮೇಲೆ ಕೆತ್ತಿದ ಅಕ್ಷರ ಕಾಣುತ್ತದೆ, ಅಳಿಸಿ ಕಳಿಸಿ ಎಂದು ಹದ್ದುಗಣ್ಣಿನ ಒಕ್ಕಣೆ. ನಾನು ನೋಡಿದೆ, ಕಾಣಲಿಲ್ಲ. ದೊಡ್ಡದು ಮಾಡಿ ನೋಡಿದೆ, ಕಾಣಲಿಲ್ಲ. ತಲೆ ಕೆಟ್ಟುಹೋಯಿತು. ಇನ್ನು ಅತ್ತೆಯ ಬೆರಳಿನ ಗೆರೆಯಲ್ಲೂ ಅಕ್ಷರ ಓದುತ್ತಾರೇನೋ ಎಂದು ಕೂಗಾಡಿದೆ. ಇದನ್ನು ತಿದ್ದುವುದೂ ಇಲ್ಲ, ಅಳಿಸುವುದೂ ಇಲ್ಲ, ಸಾಕ್ಷಿಗೆ ಇಟ್ಟುಕೊಂಡು ಜಗಳಾಡುತ್ತೇನೆ ಎಂದು ಆ ಚಿತ್ರವನ್ನು ಹಾಗೇ ಉಳಿಸಿಕೊಂಡೆ. ಜಗಳಕ್ಕೆ ಪುರುಸೊತ್ತು ಸಿಗಲಿಲ್ಲ.

ಅತ್ತೆಗೆ ಮೊಣಕಾಲು ನೋವಿಗೆಂದು ಡಾಕ್ಟರು ಕೊಟ್ಟ ಮಾತ್ರೆಯೂ ಬಿಳಿಯದೇ. ಅದರ ಸೀಸೆಯೂ ಚೀಟಿ ಸುಲಿದದ್ದೇ. ಕಿಟಕಿಯ ಹಲಗೆಯ ಮೇಲೆ ಎರಡು ಸೀಸೆಗಳು ಪಕ್ಕಪಕ್ಕದಲ್ಲಿದ್ದವು. ಅತ್ತೆಯದು ಯಾವಾಗಲೋ ಖಾಲಿಯಾಗಿತ್ತು, ಅವರು ತಮ್ಮದೇ ಎಂದುಕೊಂಡು ಟೀಚರಮ್ಮ ಕೊಟ್ಟ ಮಾತ್ರೆಗಳ ಸೀಸೆಯಿಂದ ಬೆಳಿಗ್ಗೆ ಸಂಜೆ ತೆಗೆದು ನುಂಗುತ್ತ ಅದನ್ನೂ ಖಾಲಿ ಮಾಡಿದ್ದರು. ಎರಡು ದಿನದಿಂದ ಊಟ ಸೇರುತ್ತಿರಲಿಲ್ಲ, ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದರು. ಸೆಖೆಗೆ ಇರಬೇಕು ಎಂದುಕೊಂಡೆವು. ಮೂರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಸಿಂಕಿನ ಬಳಿ ನಿಂತವರು ಗೋಡೆ ಹಿಡಿದು ಹಾಗೇ ಜಾರಿ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಒಂದು ಸಲ ಬಡಿದು, ಮುಂದಿನದು ಬರುತ್ತದೋ ಇಲ್ಲವೋ ಎನ್ನುವಂತೆ ತಡೆದು ಬಡಿಯುತ್ತಿತ್ತು. ಬಾಗಿಲಿಗೆ ಹೋಗಿ ಟೀಚರಮ್ಮನನ್ನು ಕೂಗಿದೆ. ಟೀಚರಮ್ಮ ಓಡಿಬಂದು ಆಂಬುಲೆನ್ಸಿಗೆ ಫೋನು ಮಾಡಿದರು.

ಆಸ್ಪತ್ರೆಯಲ್ಲಿ ಅತ್ತೆಯ ಎದೆಗೆ ತಂತಿಗಳನ್ನು ಅಂಟಿಸಿ ಒಳಗೆ ಕರೆದೊಯ್ದರು. ಡಾಕ್ಟರು ಸಣಕಲು ಹೆಂಗಸು, ಮಾತು ಕಡಿಮೆ. ಏನು ತಗೊಂಡರು ಎಂದು ಕೇಳಿದರು. ಬರುವಾಗ ಕೈಗೆ ಸಿಕ್ಕಿದ ಖಾಲಿ ಸೀಸೆಯನ್ನು ನಾನು ತಂದಿದ್ದೆ, ಕೊಟ್ಟೆ. ಅವರು ಅದನ್ನು ಸುತ್ತಲೂ ತಿರುಗಿಸಿ ನೋಡಿದರು, ತಳ ನೋಡಿದರು, ಮುಚ್ಚಳ ನೋಡಿದರು. ಅತ್ತೆಯ ಉಜ್ಜಾಟ ಅಷ್ಟು ಚೆನ್ನಾಗಿತ್ತು, ಗಾಜು ಫಳಫಳ ಹೊಳೆಯುತ್ತಿತ್ತು.

"ಇದರಲ್ಲಿ ಏನಿತ್ತು?"

"ಬಿಳಿ ಮಾತ್ರೆ," ಎಂದೆ.

"ಯಾವ ಬಿಳಿ ಮಾತ್ರೆ?"

ನಮ್ಮ ಕೆಲಸವನ್ನು, ಚೀಟಿ ಸುಲಿಯುವುದನ್ನು, ಬಣ್ಣದ ಸೀಸೆಗಳನ್ನು ತೊದಲಿ ತೊದಲಿ ಹೇಳಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಟೀಚರಮ್ಮನನ್ನು ಕೇಳಿದರು. ಅವರ ಯಜಮಾನರಿಗೆ ಹೃದಯದ್ದು, ರಕ್ತದೊತ್ತಡದ್ದು, ನಿದ್ದೆಯದು ಎಲ್ಲವೂ ಇತ್ತು, ಹೆಸರು ಒಂದೂ ನೆನಪಿಲ್ಲ, ಆಸ್ಪತ್ರೆಯ ಕಾಗದಗಳನ್ನು ನೋಡಲಾರದೆ ಸುಟ್ಟುಬಿಟ್ಟಿದ್ದರು. ಅವರು ಅಳಲು ಶುರುಮಾಡಿದರು. ಡಾಕ್ಟರು ನನ್ನ ಕಡೆ ತಿರುಗಿದರು. ಹೃದಯವನ್ನು ಹೀಗೆ ನಿಧಾನ ಮಾಡುವ ಮಾತ್ರೆಗಳು ಹಲವು, ಒಂದೊಂದಕ್ಕೆ ಒಂದೊಂದು ಮದ್ದು, ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ ಎಂದು ತಿಳಿಸಿ ಹೇಳಿದರು. ಬಡಿತ ಇನ್ನೂ ಇಳಿಯುತ್ತಿದೆ, ಕಾಯಲು ಹೆಚ್ಚು ಹೊತ್ತಿಲ್ಲ ಎಂದರು.

"ಒಂದು ಮಾತ್ರೆ ಉಳಿದಿದ್ರೂ ಸಾಕಿತ್ತು," ಎಂದರು. "ಅದರ ಮೇಲೆ ಏನಾದ್ರೂ ಗುರುತು ಇರುತ್ತೆ."

ಗುರುತು ಎಂದದ್ದೇ ತಡ, ನನಗೆ ಹದ್ದುಗಣ್ಣಿನ ಒಕ್ಕಣೆ ನೆನಪಾಯಿತು. ಬಲಗಡೆಯ ಮಾತ್ರೆಯ ಮೇಲೆ ಕೆತ್ತಿದ ಅಕ್ಷರ. ಎದ್ದು ಹೊರಟೆ. ನಮ್ಮವರು ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ ಸಮವಸ್ತ್ರದಲ್ಲೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಫೋನು ಕೈಯಲ್ಲೇ ಹಿಡ್ಕೊಂಡಿರಿ, ಡಾಕ್ಟರ ಪಕ್ಕ ಬಿಟ್ಟು ಅಲ್ಲಾಡಬೇಡಿ ಎಂದಷ್ಟೇ ಹೇಳಿ ಇಳಿದು ಓಡಿದೆ.

ಮನೆಗೆ ಬಂದು ಕಂಪ್ಯೂಟರು ಹಾಕಿದರೆ ಅದು ತನ್ನ ಗತ್ತಿನಲ್ಲಿ ಗುರುಗುಟ್ಟುತ್ತ ಏಳುತ್ತಿತ್ತು. ಅದರ ಮುಂದೆ ನಿಂತು ಕೈಮುಗಿದೆ, ನಿಜವಾಗಿಯೂ ಮುಗಿದೆ. ಬಿಳಿ ಮಾತ್ರೆಯ ಬೇರೆ ಚಿತ್ರಗಳಿದ್ದವು, ಎಲ್ಲ ನಾನೇ ಒರೆಸಿ ಬೋಳು ಮಾಡಿದ್ದವು. ನನ್ನ ಹಟದ ಚಿತ್ರ ಒಂದೇ ಒಂದು ಇದ್ದ ಹಾಗೇ ಇತ್ತು. ಬಲಗಡೆಯ ಮಾತ್ರೆಯನ್ನು ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ. ಏನೂ ಇಲ್ಲ, ಬರೀ ಬಿಳುಪು. ಅಂದು ನೋಡಿದಾಗಲೂ ಇಷ್ಟೇ, ಇಲ್ಲಿಗೇ ಸಿಟ್ಟು ಬಂದು ನಿಲ್ಲಿಸಿದ್ದೆ. ಹದ್ದುಗಣ್ಣು ಕಂಡದ್ದು ಸುಳ್ಳಾಗಿರಲಾರದು ಎಂದು ಈಗ ಮೊದಲ ಬಾರಿಗೆ ಅವರನ್ನು ನಂಬಿದೆ. ಬೆಳಕನ್ನು ಇಳಿಸಿ ನೆರಳನ್ನು ಏರಿಸಿದೆ. ಬಿಳುಪು ನಿಧಾನವಾಗಿ ಬೂದುಬಣ್ಣಕ್ಕೆ ತಿರುಗಿತು, ಅದರಲ್ಲಿ ಎರಡು ಅಕ್ಷರ ಮತ್ತು ಒಂದು ಅಂಕಿ ಎದ್ದು ಬಂದವು. ಮಾತ್ರೆಯ ಅಂಚಿನಲ್ಲಿ, ಅತ್ತೆಯ ಹೆಬ್ಬೆರಳಿನ ನೆರಳು ಬಿದ್ದ ಕಡೆ.

ಪರದೆಯ ಫೋಟೋ ತೆಗೆದು ನಮ್ಮವರಿಗೆ ಕಳಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಆ ಕಡೆಯಿಂದ ಕಾಲಿನ ಸದ್ದು, ಯಾರೋ ಯಾರಿಗೋ ಏನೋ ಹೇಳಿದ ಸದ್ದು. ಆಮೇಲೆ ಡಾಕ್ಟರ ದನಿಯೇ ಬಂತು.

"ಗೊತ್ತಾಯ್ತು. ಇದಕ್ಕೆ ಮದ್ದಿದೆ, ತರಿಸ್ತಾ ಇದೀನಿ. ನೀವು ನಿಧಾನವಾಗಿ ಬನ್ನಿ."

ನಿಧಾನವಾಗಿ ಹೋಗಲು ನನ್ನಿಂದ ಆಗಲಿಲ್ಲ. ಮದ್ದು ಇನ್ನೊಂದು ಆಸ್ಪತ್ರೆಯಿಂದ ಬಂತು. ಸಂಜೆಯ ಹೊತ್ತಿಗೆ ಯಂತ್ರದ ಮೇಲಿನ ಗೆರೆ ಹತ್ತಿರ ಹತ್ತಿರ ಏಳತೊಡಗಿತು. ಮರುದಿನ ಬೆಳಿಗ್ಗೆ ಅತ್ತೆ ಕಣ್ಣು ಬಿಟ್ಟು, ಸೂಜಿ ಚುಚ್ಚಿದ ಕೈ ನೋಡಿಕೊಂಡು, ಕಲೆ ಉಳಿಯುತ್ತೇನೋ ಎಂದು ನರ್ಸನ್ನು ವಿಚಾರಿಸಿದರಂತೆ. ಅದನ್ನು ಕೇಳಿ ನಮ್ಮವರು ಕಾರಿಡಾರಿನ ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟರು. ನಾನು ಆ ಡಾಕ್ಟರ ಎರಡೂ ಕೈ ಹಿಡಿದುಕೊಂಡೆ. ನಿಮ್ಮ ಮಕ್ಕಳು ಮರಿ ತಣ್ಣಗಿರಲಿ ಎಂದೆ. ನನಗೆ ಮದುವೆಯೇ ಆಗಿಲ್ಲ ಎಂದು ಅವರು ನಕ್ಕರು.

ಹದ್ದುಗಣ್ಣಿಗೂ ಬರೆದೆ. ಎಷ್ಟು ವರ್ಷ ಬೈದಿದ್ದೆನೋ ಅಷ್ಟನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ನಿಮ್ಮ ಕಣ್ಣು ನೂರು ಕಾಲ ಚೆನ್ನಾಗಿರಲಿ ಎಂದು ನಡೆದುದನ್ನೆಲ್ಲ ಬರೆದೆ. ನಿಮ್ಮ ದೂರನ್ನು ಸ್ವೀಕರಿಸಲಾಗಿದೆ ಎಂದು ಯಂತ್ರದ ಉತ್ತರ ಬಂತು. ದೂರಲ್ಲ ಕಣಪ್ಪಾ ಎಂದು ತಲೆ ಚಚ್ಚಿಕೊಂಡೆ. ವಾರ ಕಳೆದ ಮೇಲೆ ಇನ್ನೊಂದು ಉತ್ತರ ಬಂತು, ಅದು ಮನುಷ್ಯರದು. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಕೈಗಳನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ ಎಂದಿತ್ತು. ಕೆಳಗೆ ಇನ್ನೊಂದು ಸಾಲು, ಆ ಚಿತ್ರವನ್ನು ಮಾತ್ರ ಈಗಲೂ ಸ್ವೀಕರಿಸಲಾಗದು. ನಾನು ಎಷ್ಟು ನಕ್ಕೆ ಎಂದರೆ ಟೀಚರಮ್ಮ ಬಾಗಿಲು ತೆರೆದು ನೋಡಿದರು.

ಅಷ್ಟರಲ್ಲಿ ಅತ್ತೆ ಮನೆಗೆ ಬಂದಿದ್ದರು. ನಮ್ಮವರು ರಜೆ ಹಾಕಿ, ದಪ್ಪ ಪೆನ್ನು ಹಿಡಿದು, ಮನೆಯ ಪ್ರತಿ ಡಬ್ಬಿ ಸೀಸೆಯ ಮೇಲೂ ಹೆಸರು ಬರೆದರು. ಉಪ್ಪು ಎಂದು ನಾಲ್ಕು ಕಡೆ ಬರೆದಿದ್ದರು, ಭಯ ಅಂಥದ್ದು. ಕ್ಯಾಮೆರಾವನ್ನು ಅಲಮಾರಿನ ಮೇಲೆ ಇಟ್ಟು, ಸಾಕು ಕಣೆ ಇದು, ನನಗೆ ಅಮ್ಮ ಬೇಕು, ಬಸ್ಸು ಓಡಿಸಿಯೇ ಮನೆ ನಡೆಸೋಣ ಎಂದರು. ನಾನು ಎದುರಾಡಲಿಲ್ಲ. ಅವರ ಮಾತಿನಲ್ಲಿ ಕೋಪ ಇದ್ದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ, ಇದ್ದದ್ದು ಹೆದರಿಕೆ. ನನಗೂ ಮೇಜಿನ ಹತ್ತಿರ ಹೋಗಲು ಮನಸ್ಸಾಗುತ್ತಿರಲಿಲ್ಲ. ಮೇಜನ್ನು ಗೋಡೆಗೆ ಸರಿಸಿ, ಕಿಟಕಿಯ ಜಾಗ ಇನ್ನು ನಿಮ್ಮದೇ, ಹಾಯಾಗಿ ಹೊಲೀರಿ ಎಂದು ಅತ್ತೆಗೆ ಹೇಳಿದೆ.

ಅವರು ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು. ಅತ್ತೆ ಯಾವುದನ್ನೂ ನೇರವಾಗಿ ಹೇಳಿದವರಲ್ಲ, ಕೊಂಕು ಹಾಸ್ಯದಲ್ಲೇ ಅವರ ಮಾತೆಲ್ಲ. ಅಂದು ಮಾತ್ರ ನೇರ ನನ್ನ ಮುಖ ನೋಡಿದರು. ನಮ್ಮವರೂ ಅಲ್ಲೇ ಇದ್ದರು.

"ಇವನಪ್ಪ ಹೋದ ಮೇಲೆ ಈ ಮನೇಲಿ ನಾನು ಒಂದು ಉಣ್ಣೋ ಬಾಯಿ ಅಂತಲೇ ಅಂದ್ಕೊಂಡಿದ್ದೆ. ನೀವ್ಯಾರೂ ಹಾಗೆ ಅಂದಿಲ್ಲ, ನನಗೇ ಅನ್ನಿಸ್ತಿತ್ತು. ಹುಟ್ಟಿದಾಗಿಂದ ದುಡಿದಿದೀನಿ, ಈ ಕೈಗೆ ಒಬ್ಬರೂ ಕೂಲಿ ಕೊಟ್ಟಿರಲಿಲ್ಲ. ಯಾರೂ ತಿರುಗಿ ನೋಡಿರಲೂ ಇಲ್ಲ. ನೀನು ಕೊಟ್ಟೆ. ನೀನು ನೋಡಿದೆ."

ಆ ಮಾತು ಹೇಳುವಾಗ ಅವರ ದನಿ ಸ್ವಲ್ಪವೂ ನಡುಗಲಿಲ್ಲ. ನಾನು ತಿಂಗಳು ತಿಂಗಳು ಕೊಡುತ್ತಿದ್ದಾಗ ಅವರು ಏನೂ ಹೇಳದೆ ಎದ್ದುಹೋಗುತ್ತಿದ್ದುದನ್ನು ನಾನು ಬಿಗುಮಾನ ಎಂದುಕೊಂಡಿದ್ದೆ. ಅವರಿಗೆ ಧನ್ಯವಾದ ಹೇಳಬೇಕಾದವಳು ನಾನು, ನನ್ನ ಕೈಹಿಡಿದು ಸಾಕಿದ್ದು ಅವರ ಕೈ, ಜೀವ ಹೋಗುವಷ್ಟರ ಮಟ್ಟಿಗೆ ನನ್ನ ಕೆಲಸಕ್ಕೆ ದುಡಿದವರು ಅವರು. ಅದನ್ನೆಲ್ಲ ಹೇಳಬೇಕೆಂದು ಹತ್ತಿರ ಹೋಗಿ, ಚೌಕಟ್ಟು ಹಿಡಿದ ಅವರ ಕೈಯ ಮೇಲೆ ನನ್ನ ಕೈ ಇಟ್ಟೆ. ನಮ್ಮವರು ಸ್ಟೂಲು ಎಳೆದು ಹತ್ತಿ, ಕ್ಯಾಮೆರಾ ಇಳಿಸಿ, ಅಂಗಿಯ ತುದಿಯಿಂದ ಧೂಳು ಒರೆಸಿ ನನ್ನ ಕೈಗೆ ಕೊಟ್ಟರು. ಮಾತ್ರೆ ಮಾತ್ರ ಬೇಡ ಎಂದರು. ಬೇಡ ಎಂದು ನಾವಿಬ್ಬರೂ ಒಟ್ಟಿಗೇ ಹೇಳಿದೆವು.

ಮೇಜನ್ನು ಮತ್ತೆ ಕಿಟಕಿಗೆ ಎಳೆದೆವು. ಬಿಳಿ ಬಟ್ಟೆ ಹಾಸಿದೆ. ಅತ್ತೆ ಕೂತು ಎರಡೂ ಕೈಗಳನ್ನು ಅದರ ಮೇಲೆ ಇಟ್ಟರು, ಬರಿಗೈ, ಯಾವ ವಸ್ತುವೂ ಇಲ್ಲ. ಸೂಜಿಯ ನೀಲಿ ಕಲೆ ಇನ್ನೂ ಇತ್ತು. ನಾನು ಬಗ್ಗಿ ಕಣ್ಣಿಟ್ಟೆ. ಎಲ್ಲ ಮಸುಕಾಗಿ ಕಂಡಿತು. ಸ್ವಲ್ಪ ಅಲ್ಲಾಡದೆ ಕೂತ್ಕೊಳ್ಳಿ ಅತ್ತೆ ಎಂದೆ.

"ನಾನು ಅಲ್ಲಾಡ್ತಿಲ್ಲ ಕಣೆ," ಎಂದರು ಅವರು. "ಅಲ್ಲಾಡ್ತಿರೋಳು ನೀನು. ಕಣ್ಣು ಒರೆಸ್ಕೋ, ನಾನೆಲ್ಲೂ ಹೋಗಲ್ಲ."